ಸುತ್ತಿ ಬಂದ ರವಿಕೆ ಕಣ

ಈ ಸಲದ ವರಮಹಾಲಕ್ಷ್ಮಿ ಹಬ್ಬದ ಸಂಜೆ ನಮ್ಮ ಕೆಳಗಿನ ಮನೆಯವರು ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಕೆಂಗೇರಿ ಉಪನಗರದ ಈ ಕಟ್ಟಡಕ್ಕೆ ನಾವು ಬಂದು ಕೆಲವು ವರ್ಷಗಳೇ ಆಗಿವೆ. ಆದರೂ ಯಾರ ಮನೆಗೆ ಹೋಗುವಾಗಲೂ ನಾನು ಬಾಗಿಲ ಹೊರಗೆ ಒಂದು ಕ್ಷಣ ನಿಂತು, ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ ಮೇಲೆಯೇ ಒಳಗೆ ಕಾಲಿಡುತ್ತೇನೆ. ಹೋದೆ, ಕುಂಕುಮ ಇಟ್ಟುಕೊಂಡೆ, ಸಜ್ಜಿಗೆ ತಿಂದೆ, ತಾಂಬೂಲ ತೆಗೆದುಕೊಂಡು ಬಂದೆ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಎರಡು ಬಾಳೆಹಣ್ಣು, ಅವುಗಳ ಕೆಳಗೆ ನಾಲ್ಕು ಮಡಿಕೆಯಾಗಿ ಒಂದು ರವಿಕೆ ಕಣ.

ಹಣ್ಣುಕಾಯಿಗಳನ್ನು ಅಡುಗೆಮನೆಗೆ ಸೇರಿಸಿ, ಕಣವನ್ನು ಬೀರುವಿನಲ್ಲಿಡಲು ಎತ್ತಿಕೊಂಡಾಗ ನುಸಿಗುಳಿಗೆಯ ವಾಸನೆ ಬಂತು. ಬಹುಕಾಲ ಯಾರ ಯಾರದೋ ಬೀರುಗಳೊಳಗೇ ಉಳಿದ ಬಟ್ಟೆಯ ವಾಸನೆ ಅದು. ಗಿಳಿಹಸಿರು ಬಣ್ಣ, ಸಾಸಿವೆ ಬಣ್ಣದ ಸಣ್ಣ ಅಂಚು, ಕೈಮಗ್ಗದ ಹತ್ತಿ. ಮಡಿಕೆ ಬಿಚ್ಚಿದೆ. ಅಂಚಿನ ಹತ್ತಿರ, ಒಂದು ಮೂಲೆಯಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದಾದ ಎರಡು ಹೊಲಿಗೆಗಳಿದ್ದವು. ಒಂದು ಕೆಂಪು ದಾರದ್ದು. ಅದರ ಪಕ್ಕದಲ್ಲಿಯೇ ಇನ್ನೊಂದು, ನೀಲಿ ದಾರದ್ದು.

ಕೆಂಪು ದಾರ ನನಗೆ ಗೊತ್ತಿತ್ತು. ನೀಲಿ ದಾರ ಗೊತ್ತಿರಲಿಲ್ಲ...

ನಾವು ಮೊದಲು ಇದ್ದದ್ದು ಬಾಪೂಜಿ ನಗರದಲ್ಲಿ. ಗದಗದ ಕಡೆಯಿಂದ ಬಂದ ಅಪ್ಪ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಅವ್ವ ಊದುಬತ್ತಿ ಪ್ಯಾಕಿಂಗಿಗೆ ಹೋಗುತ್ತಿದ್ದಳು. ನಮ್ಮ ಮನೆತನದಲ್ಲಿ ಪದವಿಯ ತರಗತಿಯಲ್ಲಿ ಕುಳಿತ ಮೊದಲನೆಯವಳು ನಾನು. ಎರಡು ಸ್ಕೂಟರುಗಳು ಎದುರಾದರೆ ಒಂದು ನಿಂತು ದಾರಿ ಬಿಡಬೇಕಾದಷ್ಟು ಕಿರಿದಾದ ಅಡ್ಡರಸ್ತೆ ನಮ್ಮದು. ಎದುರಿನ ಮನೆಯ ಮೊದಲ ಮಹಡಿಯ ಕಿಟಕಿಗೆ ತಾಗಿಕೊಂಡು ಒಂದು ಹೊಲಿಗೆಯಂತ್ರವಿತ್ತು. ಅದರ ಮುಂದೆ ಕುಳಿತಿರುತ್ತಿದ್ದವರನ್ನು ಬೀದಿಯವರೆಲ್ಲ ಒಂದೊಂದು ರೀತಿಯಲ್ಲಿ ಕರೆಯುತ್ತಿದ್ದರು. ನನಗೆ ಅವರು ಎದುರು ಮನೆ ಆಂಟಿ. ಮಂಡ್ಯದ ಕಡೆಯವರು. ಅವರ ಯಜಮಾನರು ಸರ್ಕಾರಿ ಬಸ್ಸಿನ ಚಾಲಕರಾಗಿದ್ದು ನಿವೃತ್ತರಾಗಿದ್ದರು.

ಅವರು ದರ್ಜಿಯಲ್ಲ. ಈ ವಿಷಯವನ್ನು ಅವರು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ನಾನು ಕಾಲೇಜಿಗೆ ಸೇರಿದ ವರ್ಷ ಅವ್ವ ನನ್ನನ್ನು ಕರೆದುಕೊಂಡು, ಒಂದು ಚೀಟಿಬಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮೆಟ್ಟಿಲು ಹತ್ತಿದಳು.

"ಅಕ್ಕಾರ, ನಮ್ಮ ಹುಡುಗಿಗೆ ಇದನ್ನೊಂದೀಟು ಹೊಲದು ಕೊಡ್ರಿ. ಕಾಲೇಜಿಗೆ ಹಾಕ್ಕೊಂಡು ಹೋಗಾಕ ಬೇಕಾಗೇತಿ."

"ನಾನು ಟೈಲರ್ ಅಲ್ಲ ಕಣಮ್ಮ," ಎಂದರು ಅವರು, ಯಂತ್ರದಿಂದ ಕಣ್ಣೆತ್ತದೆ. "ಕೊಟ್ಟು ಹೋದ್ರೆ ಹೊಲಿಯಲ್ಲ. ಕೂತ್ಕೊಂಡ್ರೆ ಹೇಳ್ಕೊಡ್ತೀನಿ. ನಿನ್ನ ಮಗಳಿಗೆ ಕೂರೋಕೆ ಬರುತ್ತಾ?"

"ಡಿಗ್ರಿ ಓದಾಕತ್ತಾಳ್ರಿ ಅಕಿ."

"ಅದೇ ಕೇಳ್ತಿರೋದು. ಡಿಗ್ರಿ ಓದೋರಿಗೆ ನೆಲದ ಮೇಲೆ ಕೂರೋಕೆ ಬರುತ್ತಾ ಅಂತ."

ನಾನು ಕುಳಿತೆ. ಮೂರು ವರ್ಷ, ಬಹುಪಾಲು ಭಾನುವಾರಗಳ ಮಧ್ಯಾಹ್ನ, ಅಲ್ಲಿ ಕುಳಿತಿದ್ದೆ.

ಆ ಮನೆಯಲ್ಲಿ ಯಾವ ಬಟ್ಟೆಯೂ ತಾನು ಹುಟ್ಟಿದ ರೂಪದಲ್ಲಿಯೇ ಸಾಯುತ್ತಿರಲಿಲ್ಲ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಹರಿದ ಸೀರೆ ಪರದೆಯಾಗುತ್ತಿತ್ತು. ಅದರ ಜರಿಯಂಚು ಮಾತ್ರ ಬೇರ್ಪಟ್ಟು ಯಾವುದೋ ಮಗುವಿನ ಲಂಗದ ಕೆಳಗೆ ಕುಳಿತುಕೊಳ್ಳುತ್ತಿತ್ತು. ಬಣ್ಣ ಮಾಸಿದ ಪ್ಲಾಸ್ಟಿಕ್ ಬಳೆಗಳಿಗೆ ಅವರು ರೇಷ್ಮೆದಾರ ಸುತ್ತಿ ಸೀರೆಗೆ ಹೊಂದುವ ಬಳೆ ಮಾಡುತ್ತಿದ್ದರು. ಗುಂಡಿಗಳಿಗೆ ಬಟ್ಟೆ ಹೊದಿಸುತ್ತಿದ್ದರು. ಉಳಿದ ಚೂರುಗಳಿಂದ ಜಡೆಗೆ ಹಾಕುವ ಬ್ಯಾಂಡು, ಇನ್ನೂ ಚಿಕ್ಕ ಚೂರುಗಳಿಂದ ಬಿಸಿ ಪಾತ್ರೆ ಹಿಡಿಯುವ ಬಟ್ಟೆ. ಯಜಮಾನರ ಖಾಕಿ ಪ್ಯಾಂಟುಗಳೆಲ್ಲ ತರಕಾರಿ ಚೀಲಗಳಾಗಿದ್ದವು. ಜೇಬುಗಳನ್ನು ಬಿಚ್ಚದೆ ಹಾಗೆಯೇ ಉಳಿಸಿದ್ದರು, ಕೊತ್ತಂಬರಿ ನಲುಗದಂತೆ ಬೇರೆಯಾಗಿ ಇಡಲು. ಅವರ ಯಜಮಾನರು ಆ ಚೀಲ ಹಿಡಿದು ಹೊರಟಾಗ ಆಂಟಿ ಕಿಟಕಿಯಿಂದ ಬೀದಿಗೆ ಕೇಳುವಂತೆ ಹೇಳುತ್ತಿದ್ದರು: "ರಿಟೈರ್ ಆದ್ರೂ ಯೂನಿಫಾರಮ್ಮು ಡ್ಯೂಟಿ ಬಿಟ್ಟಿಲ್ಲ ನೋಡ್ರಿ."

ಅಳತೆಗಳನ್ನು ಅವರು ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಕಲಿಯಲು ಬಂದ ಪ್ರತಿಯೊಬ್ಬರ ಅಳತೆಗೂ ಹಳೆಯ ದಿನಪತ್ರಿಕೆಯನ್ನು ಕತ್ತರಿಸಿ, ಅದರ ಮೇಲೆ ಪೆನ್ನಿನಿಂದ ಗುರುತು ಬರೆದು, ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸುತ್ತಿದ್ದರು. ಇಡೀ ಬೀದಿಯ ಹೆಂಗಸರ ಬೆನ್ನು, ಭುಜ, ತೋಳುಗಳು ಕಾಗದದ ರೂಪದಲ್ಲಿ ಆ ಮೊಳೆಯಲ್ಲಿದ್ದವು. ಫ್ಯಾನ್ ಹಾಕಿದಾಗ ಎಲ್ಲವೂ ಒಟ್ಟಿಗೆ ಸರಸರ ಸದ್ದು ಮಾಡುತ್ತಿದ್ದವು.

ಅವರಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು "ಬಿಚ್ಚು" ಎಂಬುದು. ಹೊಲಿಗೆ ಎರಡು ನೂಲಿನಷ್ಟು ಓರೆಯಾದರೂ ಅವರಿಗೆ ದೂರದಿಂದಲೇ ತಿಳಿಯುತ್ತಿತ್ತು. ಬೈಯುತ್ತಿರಲಿಲ್ಲ. "ಬಿಚ್ಚೇ," ಎನ್ನುತ್ತಿದ್ದರು. ನಾನು ಬಿಚ್ಚಿ ಮತ್ತೆ ಹಾಕುತ್ತಿದ್ದೆ. "ಹೊಲಿಗೆ ತಪ್ಪಾದ್ರೆ ಬಿಚ್ಬೋದು. ಅದಕ್ಯಾಕೆ ಮುಖ ಸಣ್ಣ ಮಾಡ್ತೀಯ? ಕತ್ತರಿ ತಪ್ಪಾದ್ರೆ ಮಾತ್ರ ಯೋಚ್ನೆ ಮಾಡು."

ಕತ್ತರಿ ತಪ್ಪಿದ್ದು ಅವ್ವ ತಂದ ಅದೇ ಚೀಟಿಬಟ್ಟೆಯಲ್ಲಿ. ಕುರ್ತಾದ ಹಿಂಭಾಗ ಮುಂಭಾಗಗಳನ್ನು ಅವರ ಎದುರಿನಲ್ಲಿಯೇ ಕತ್ತರಿಸಿದ್ದೆ. ತೋಳುಗಳ ಹೊತ್ತಿಗೆ ಅವರು ಹಾಲು ಕಾಯಿಸಲು ಒಳಗೆ ಹೋದರು. ಬಟ್ಟೆಯನ್ನು ಮುಖಕ್ಕೆ ಮುಖ ಸೇರಿಸಿ ಮಡಚಿ, ಎರಡೂ ತೋಳುಗಳನ್ನು ಒಟ್ಟಿಗೆ ಕತ್ತರಿಸಬೇಕೆಂದು ಅವರು ಹೇಳಿದ್ದರು. ಹಾಗೆ ಮಾಡಿದರೆ ಒಂದು ಎಡಕ್ಕೂ ಒಂದು ಬಲಕ್ಕೂ ತಾನಾಗಿಯೇ ಆಗುತ್ತದೆ. ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಒಂದು ತೋಳನ್ನು ಕತ್ತರಿಸಿ, ಅದನ್ನೇ ಅಳತೆಯಾಗಿ ಬಟ್ಟೆಯ ಮೇಲಿಟ್ಟು, ಅತ್ಯಂತ ಎಚ್ಚರಿಕೆಯಿಂದ ಎರಡನೆಯದನ್ನು ಕತ್ತರಿಸಿದೆ. ಎರಡೂ ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದವು. ತಪ್ಪು ಅದೇ ಆಗಿತ್ತು.

ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು. ಎರಡು ತೋಳುಗಳನ್ನೂ ಎತ್ತಿ ನನ್ನ ಬಲಭುಜದ ಮೇಲೆ ಒಂದರ ಮೇಲೊಂದು ಹಿಡಿದರು.

"ಎರಡೂ ಬಲಗೈಯೇ ಮಾಡಿದೀಯಲ್ಲೇ! ಎಡಗೈ ಏನು, ಮನೇಲಿ ಬಿಟ್ಟು ಹೋಗ್ತೀಯಾ ಕಾಲೇಜಿಗೆ?"

ಅವರ ಯಜಮಾನರು ಪತ್ರಿಕೆಯ ಹಿಂದಿನಿಂದ ನಕ್ಕರು. ನನಗೆ ನಗು ಬರಲಿಲ್ಲ. ಅವ್ವ ಆ ಬಟ್ಟೆಗಾಗಿ ಹಬ್ಬಕ್ಕೆ ತಾನು ಕೊಳ್ಳಬೇಕಿದ್ದ ಸೀರೆಯನ್ನು ಬಿಟ್ಟಿದ್ದಳು ಎಂಬುದು ನನಗೆ ತಿಳಿದಿತ್ತು. ಅವರು ನನ್ನ ಮುಖವನ್ನು ನೋಡಿ, ಬೀರು ತೆರೆದು, ಕಂದುಬಣ್ಣದ ಒಂದು ರವಿಕೆ ಕಣವನ್ನು ತೆಗೆದರು. ಅದನ್ನು ಮುಖಕ್ಕೆ ಮುಖ ಸೇರಿಸಿ ಮಡಚಿ, ನನ್ನ ಕೈಗೆ ಕತ್ತರಿ ಕೊಟ್ಟರು. ನಾನು ಕತ್ತರಿಯನ್ನು ಅವರಿಗೇ ಹಿಂತಿರುಗಿಸಿದೆ. ಅವರು ಕತ್ತರಿಸಿದರು. ಹೂವಿನ ಚೀಟಿಬಟ್ಟೆಗೆ ಕಂದು ತೋಳುಗಳು ಬಂದವು. ನಾನು ಕೆಡಿಸಿದ ಬಲಗೈಗಳೆರಡೂ ತುಂಡಾಗಿ ಒಂದು ಜೇಬಾಗಿಯೂ ಕತ್ತಿನ ಪಟ್ಟಿಯಾಗಿಯೂ ಒಳಸೇರಿದವು. ಕಾಲೇಜಿನಲ್ಲಿ ಒಬ್ಬಳು ಅದನ್ನು ನೋಡಿ, ಯಾವ ಅಂಗಡಿಯಲ್ಲಿ ಕೊಂಡದ್ದು ಎಂದು ಕೇಳಿದಳು. ನಾನು ಒಂದು ದೊಡ್ಡ ಅಂಗಡಿಯ ಹೆಸರು ಹೇಳಿದೆ.

ಅಂದಿನಿಂದ ನಾನು ಕತ್ತರಿ ಹಿಡಿಯಲಿಲ್ಲ. ಕೈಹೊಲಿಗೆ ಚೆನ್ನಾಗಿ ಕಲಿತೆ. ಕೊಕ್ಕೆ, ಗುಂಡಿ, ಸೆರಗಿನ ಕುಚ್ಚು, ಎಲ್ಲವನ್ನೂ ಅವರು ಮೆಚ್ಚುವಂತೆ ಮಾಡುತ್ತಿದ್ದೆ. ಕತ್ತರಿಸುವ ಹೊತ್ತಿಗೆ ಮಾತ್ರ ನನಗೆ ನೀರಡಿಕೆಯಾಗುತ್ತಿತ್ತು, ಇಲ್ಲವೇ ಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು.

ಆ ಕಂದು ಕಣದ ವಿಷಯವನ್ನು ಇಲ್ಲಿಯೇ ಹೇಳಬೇಕು. ರವಿಕೆ ಕಣಗಳು ಮನೆಯಿಂದ ಮನೆಗೆ ಹೇಗೆ ಸಾಗುತ್ತವೆ ಎಂಬುದು ತಾಂಬೂಲ ಕೊಟ್ಟು ತೆಗೆದುಕೊಳ್ಳುವ ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಈ ಹಬ್ಬದಲ್ಲಿ ಬಂದದ್ದು ಮುಂದಿನ ಹಬ್ಬದಲ್ಲಿ ಇನ್ನೊಬ್ಬರ ಮಡಿಲಿಗೆ ಹೋಗುತ್ತದೆ. ಆಂಟಿ ಈ ಸಂಚಾರವನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದರು. ತಮ್ಮ ಮನೆಯಿಂದ ಹೊರಡುವ ಪ್ರತಿ ಕಣದ ಮೂಲೆಗೂ ಕೆಂಪು ದಾರದಲ್ಲಿ ಒಂದೇ ಒಂದು ಹೊಲಿಗೆ ಹಾಕಿ ಕಳುಹಿಸುತ್ತಿದ್ದರು. ಅದು ಎಲ್ಲೆಲ್ಲಿಯೋ ಸುತ್ತಿ ಮರಳಿ ಅವರ ಮನೆಗೇ ಬಂದರೆ, ಆ ದಿನ ಯಂತ್ರದಲ್ಲಿ ಯಾವ ದಾರವಿದೆಯೋ ಅದರಿಂದ ಪಕ್ಕದಲ್ಲಿ ಮತ್ತೊಂದು ಹೊಲಿಗೆ ಹಾಕಿ ಮತ್ತೆ ಕಳುಹಿಸುತ್ತಿದ್ದರು.

"ಇದನ್ನ ಯಾರು ಕೊಟ್ರು ಗೊತ್ತಾ?" ಎಂದು ಒಮ್ಮೆ ಯಜಮಾನರ ಮುಂದೆ ಒಂದು ಕಣವನ್ನು ಹರವಿದರು. "ಆರ್‌ಪಿಸಿ ಲೇಔಟಿನವರು. ಅವ್ರಿಗೆ ನಾನು ಕೊಟ್ಟೇ ಇಲ್ಲ ಕಣ್ರೀ!"

"ನಾನು ಮೂವತ್ತು ವರ್ಷ ಬಸ್ಸು ಓಡ್ಸಿದೀನಮ್ಮ," ಎಂದರು ಅವರು ನನ್ನ ಕಡೆ ತಿರುಗಿ. "ನಿಮ್ಮ ಆಂಟಿ ಬ್ಲೌಸ್ ಪೀಸು ಓಡಾಡಿದಷ್ಟು ರೂಟಲ್ಲಿ ನಾನು ಓಡಾಡಿಲ್ಲ."

ಮೂರು ಸಲ ಮರಳಿ ಬಂದ ಕಣಕ್ಕೆ ಹೊಲಿಗೆ ಹಾಕಿದರೂ ಅದನ್ನು ಅವರು ಮತ್ತೆ ಕಳುಹಿಸುತ್ತಿರಲಿಲ್ಲ. "ಇದು ನಮ್ಮನೇಲೇ ಇರ್ತೀನಿ ಅಂತ ಹಠ ಹಿಡಿದಿದೆ," ಎಂದು ಕತ್ತರಿಸಿಬಿಡುತ್ತಿದ್ದರು. ನನ್ನ ಕುರ್ತಾದ ತೋಳುಗಳಾದ ಕಂದು ಕಣ ಅಂಥದು. ಅದರ ಮೂಲೆಯಲ್ಲಿ ನಾಲ್ಕು ಬಣ್ಣದ ನಾಲ್ಕು ಹೊಲಿಗೆಗಳಿದ್ದವು. ಆ ಮೂಲೆಯನ್ನು ಅವರು ಕತ್ತರಿಸಿ ಎಸೆಯಲಿಲ್ಲ. ತೋಳಿನ ಒಳಮಡಿಕೆಯಲ್ಲಿ ಸೇರುವಂತೆ ಇಟ್ಟರು. ಊರು ಸುತ್ತಿದ್ದಕ್ಕೆ ಸಾಕ್ಷಿ ಇರಲಿ ಎಂದರು.

ಪದವಿ ಮುಗಿಯಿತು. ವಿಜಯನಗರದ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ನನಗೆ ಶಿಕ್ಷಕಿಯ ಕೆಲಸ ದೊರೆಯಿತು. ಸೀರೆ ಕಡ್ಡಾಯ. ಸುದ್ದಿ ಹೇಳಲು ಹೋದಾಗ ಆಂಟಿ ಮೊದಲು ಸಕ್ಕರೆ ಕೊಟ್ಟರು. ಆಮೇಲೆ ಬೀರುವಿನಿಂದ ಈ ಗಿಳಿಹಸಿರು ಕಣವನ್ನು ತೆಗೆದರು. ತಾಂಬೂಲದಲ್ಲಿ ಬಂದದ್ದಲ್ಲ, ಅವರೇ ಅಂಗಡಿಗೆ ಹೋಗಿ ಆರಿಸಿ ತಂದದ್ದು. ನನ್ನ ಎದುರಿಗೇ ಸೂಜಿಗೆ ಕೆಂಪು ದಾರ ಪೋಣಿಸಿ ಮೂಲೆಗೆ ಒಂದು ಹೊಲಿಗೆ ಹಾಕಿದರು.

"ಇದನ್ನ ನಾನು ಕತ್ತರಿಸಲ್ಲ," ಎಂದರು. "ನೀನು ನಿಮ್ಮನೇಲಿ ಕೂತು, ಒಬ್ಳೇ ಕತ್ತರಿಸ್ಕೊಂಡು ಬಾ. ಮಷೀನು ಇಲ್ಲಿದೆ, ಹೊಲಿಯುವಂತೆ. ಮೊದಲ್ನೇ ದಿನ ಇಸ್ಕೂಲಿಗೆ ನೀನೇ ಕತ್ತರಿಸಿದ್ದು ಹಾಕ್ಕೊಂಡು ಹೋಗ್ಬೇಕು."

"ಕೆಟ್ಟರೆ ಆಂಟಿ?"

"ಕೆಟ್ರೆ ಕೆಡುತ್ತೆ. ಮಕ್ಳು ನಿನ್ನ ತೋಳು ನೋಡ್ತಾರೋ, ಬೋರ್ಡು ನೋಡ್ತಾರೋ? ಒಂದ್ ಮಾತು. ಇದನ್ನ ದಾಟಿಸ್ಬೇಡ."

ಬಟ್ಟೆಯನ್ನು ನೀರಿಗೆ ಹಾಕಿ, ನೆರಳಿನಲ್ಲಿ ಒಣಗಿಸಿದೆ. ಇಸ್ತ್ರಿ ಮಾಡಿದೆ. ಅಪ್ಪ ಅವ್ವ ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಅದನ್ನು ನೆಲದ ಮೇಲೆ ಹರವಿ, ಬಿಳಿ ಸೀಮೆಸುಣ್ಣದಿಂದ ಕತ್ತಿನ ಗೆರೆಯನ್ನು ಎಳೆದೆ. ಗೆರೆ ಸರಿಯಾಗಿಯೇ ಇತ್ತು ಎಂದು ಈಗಲೂ ನನ್ನ ನಂಬಿಕೆ. ಕತ್ತರಿಯ ಬಾಯಿ ತೆರೆದು ಅಂಚಿಗೆ ಹಿಡಿದೆ. ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೋ... ಹೊರಗೆ ಸೊಪ್ಪು ಮಾರುವವಳು ಬಂದು, ಕೂಗಿ, ಹೋದಳು. ನಾನು ಕತ್ತರಿಯನ್ನು ಕೆಳಗಿಟ್ಟು, ಸೀಮೆಸುಣ್ಣವನ್ನು ಕೊಡವಿ, ಬಟ್ಟೆಯನ್ನು ಹಳೆಯ ಮಡಿಕೆಗಳ ಪ್ರಕಾರವೇ ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಶಾಲೆಯ ಮೊದಲ ದಿನ ಅಂಗಡಿಯಲ್ಲಿ ಕೊಂಡ ರವಿಕೆ ತೊಟ್ಟೆ.

ಆಂಟಿ ಕಿಟಕಿಯಲ್ಲಿಯೇ ಇದ್ದರು.

"ಏನೇ ಟೀಚರಮ್ಮ, ಹಸಿರು ಎಲ್ಲಿ?"

"ಇವತ್ತಿನ ಸೀರೆಗೆ ಹೊಂದಲ್ಲ ಆಂಟಿ. ಕತ್ತರಿಸಾಯ್ತು, ಹೊಲಿಯೋದಿದೆ."

"ಕತ್ತರಿಸಿದ್ಯಾ!" ಅವರ ಧ್ವನಿ ಬೀದಿಯ ತುದಿಯವರೆಗೂ ಕೇಳಿಸಿತು. "ತೋಳು ಎರಡೂ ಒಂದೇ ಕೈದಾಗ್ಲಿಲ್ಲ ತಾನೆ?"

"ಇಲ್ಲ ಆಂಟಿ. ಸರಿಯಾಗಿದೆ."

"ತಂದು ತೋರ್ಸೇ ಮತ್ತೆ. ಮಷೀನು ಖಾಲಿ ಇದೆ."

ಭಾನುವಾರ ತರುವುದಾಗಿ ಹೇಳಿದೆ. ಆ ಭಾನುವಾರ ಶಾಲೆಯ ಕೆಲಸವಿತ್ತು. ಅದರ ಮುಂದಿನ ಭಾನುವಾರವೂ ಏನೋ ಇತ್ತು. ಅವರು ಕಿಟಕಿಯಿಂದ ಕೇಳುತ್ತಲೇ ಇದ್ದರು. ನಾನು ಉತ್ತರಿಸುತ್ತಲೇ ಇದ್ದೆ. ಬಸ್ಸಿಗೆ ಹೊತ್ತಾಯಿತೆಂದು ವೇಗವಾಗಿ ನಡೆಯುವುದನ್ನೂ ಅಭ್ಯಾಸ ಮಾಡಿಕೊಂಡೆ.

ಗೌರಿ ಹಬ್ಬದ ದಿನ ಅವ್ವ ನಮ್ಮ ಮನೆಗೆ ನಾಲ್ಕು ಜನರನ್ನು ಕುಂಕುಮಕ್ಕೆ ಕರೆದಿದ್ದಳು. ಬೆಂಗಳೂರಿನ ಪದ್ಧತಿಯನ್ನು ಅವಳು ಬಹಳ ಶ್ರದ್ಧೆಯಿಂದ ಕಲಿತಿದ್ದಳು. ಹಿಂದಿನ ಬೀದಿಯವರೊಬ್ಬರು ಕರೆಯದೆಯೇ ಜೊತೆಗೆ ಬಂದರು. ಅವ್ವ ಒಳಗೆ ಬಂದು ಪಿಸುಗುಟ್ಟಿದಳು: "ಏನವ್ವಾ, ಒಂದು ಖಣ ಕಡಿಮಿ ಬಿದ್ದೇತಿ. ನಿನ್ನ ಪೆಟ್ಟಿಗ್ಯಾಗ ಏನರ ಐತೇನು?"

ಅವ್ವನಿಗೆ ಏನೂ ಗೊತ್ತಿರಲಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಗೊತ್ತಿದ್ದವಳು ನಾನು. ಇಲ್ಲ ಎಂದು ಹೇಳಬಹುದಾಗಿತ್ತು. ಪೆಟ್ಟಿಗೆ ತೆರೆದು, ಹಸಿರು ಕಣವನ್ನು ನನ್ನ ಕೈಯಾರೆ ತೆಗೆದುಕೊಟ್ಟೆ. ಅದು ಹಿಂದಿನ ಬೀದಿಯವರ ಕೈಸೇರಿ ಮೆಟ್ಟಿಲಿಳಿದು ಹೋದಾಗ ನನಗಾದದ್ದು ದುಃಖವಲ್ಲ. ಪರೀಕ್ಷೆ ಮುಂದೆ ಹೋಯಿತೆಂದು ತಿಳಿದಾಗ ಆಗುವಂಥ ಬಿಡುಗಡೆ.

ದಸರೆಯಲ್ಲಿ ಆಂಟಿಯ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದರು. ಗೊಂಬೆಗಳಿಗೆಲ್ಲ ಅವರೇ ಹೊಲಿದ ಬಟ್ಟೆ. ಶೆಟ್ಟರ ಗೊಂಬೆಯ ಅಂಗಿಗೆ ಖಾಕಿಯ ಜೇಬು. ಹೋಗದೆ ಇರಲಾಗದೆ ಹೋದೆ. ಕಣದ ಮಾತು ಬರುತ್ತದೆಂದು ಮೆಟ್ಟಿಲಲ್ಲಿಯೇ ಉತ್ತರವನ್ನು ಜೋಡಿಸಿಕೊಂಡಿದ್ದೆ. ಅವರು ಕೇಳಲಿಲ್ಲ. ಶಾಲೆಯ ಬಗ್ಗೆ ಕೇಳಿದರು, ಮಕ್ಕಳು ಗಲಾಟೆ ಮಾಡುತ್ತಾರೆಯೇ ಎಂದು ಕೇಳಿದರು. ತಾಂಬೂಲದಲ್ಲಿ ಎಲ್ಲರಿಗೂ ಕಣ ಕೊಟ್ಟರು. ನನಗೆ ಮಾತ್ರ ದಾರ ಎಳೆದರೆ ಬಾಯಿ ಮುಚ್ಚುವ ಒಂದು ಪುಟ್ಟ ಚೀಲ ಕೊಟ್ಟರು. ಸೀಮೆಸುಣ್ಣ ಇಟ್ಟುಕೊಳ್ಳಲು.

"ಬೋರ್ಡಲ್ಲಾದ್ರೆ ಬರೆದಿದ್ದು ಒರೆಸ್ಬೋದು," ಎಂದರು. "ನಿನಗೆ ಸರಿಯಾದ ಕೆಲ್ಸಾನೇ ಸಿಕ್ಕಿದೆ ಕಣೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನ ಮೇಲೆ ಅವರು ಹಸಿರು ಕಣದ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಮರೆತಿದ್ದಾರೆ ಎಂದುಕೊಂಡೆ. ಹಾಗೆಂದುಕೊಂಡೇ ಇಷ್ಟು ವರ್ಷ ಕಳೆದೆ.

ಕೆಂಗೇರಿಗೆ ಮನೆ ಬದಲಿಸಿದ ಮೇಲೆ ಆ ಬೀದಿಗೆ ಹೋಗುವುದು ಕಡಿಮೆಯಾಯಿತು. ಮೈಸೂರು ರಸ್ತೆಯಲ್ಲಿ ಬಸ್ಸು ಬಾಪೂಜಿ ನಗರ ದಾಟುವಾಗ, ಈ ವಾರ ಇಳಿದು ನೋಡಿ ಬರಬೇಕು ಎಂದುಕೊಳ್ಳುತ್ತಿದ್ದೆ. ಜ್ವರವೆಂದು ಆಸ್ಪತ್ರೆಗೆ ಸೇರಿದ ಆಂಟಿ ಮರಳಲಿಲ್ಲ ಎಂಬ ಸುದ್ದಿ ನಮಗೆ ತಡವಾಗಿ ತಲುಪಿತು. ನಾನು ಹೋದಾಗ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಯಂತ್ರದ ಮೇಲೆ ಹೊದಿಕೆ ಇತ್ತು. ಅದು ಕೂಡ ಯಾವುದೋ ಸೀರೆಯದೇ.

ಅವರ ಯಜಮಾನರು ಬಾಗಿಲ ಹಿಂದಿನ ಮೊಳೆಯಿಂದ ಕಾಗದಗಳನ್ನು ಇಳಿಸಿ, ಬೀದಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದು, ಅವರವರ ಅಳತೆಯನ್ನು ಅವರವರಿಗೆ ಹಿಂತಿರುಗಿಸುತ್ತಿದ್ದರು. ಇಟ್ಟುಕೊಂಡು ತಾನೇನು ಮಾಡಲಿ, ಹರಿಯಲು ಮನಸ್ಸು ಬರುವುದಿಲ್ಲ ಎಂದರು. ನನ್ನದನ್ನು ಹುಡುಕಲು ಸ್ವಲ್ಪ ಸಮಯ ಹಿಡಿಯಿತು. ಅಂಚುಗಳು ಹಳದಿಗಟ್ಟಿದ್ದ ಆ ಪತ್ರಿಕೆಯ ಹಾಳೆಯ ಮೇಲೆ ಆಂಟಿಯ ದುಂಡನೆಯ ಅಕ್ಷರಗಳಿದ್ದವು: "ಎದುರು ಮನೆ ಹುಡುಗಿ. ಎಡಭುಜ ಅರ್ಧ ಇಂಚು ಇಳಿದಿದೆ. ಒಳಗೆ ಒಂದಿಂಚು ಬಟ್ಟೆ ಬಿಡಬೇಕು, ಬೆಳೆಯೋಳು." ಅವರು ಅದನ್ನು ಬರೆದಾಗ ನನಗೆ ಹದಿನೆಂಟು ತುಂಬಿತ್ತು. ಬೆಳೆಯುವ ವಯಸ್ಸು ಎಂದೋ ಮುಗಿದಿತ್ತು...

ಹಬ್ಬದ ಆ ಸಂಜೆ, ಕಣವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇಂಥ ಹಸಿರು, ಇಂಥ ಅಂಚು ಬೇರೆಯವೂ ಇರಬಹುದು. ತಪ್ಪು ತಿಳಿಯಬಾರದೆಂದು ಮತ್ತೆ ಮತ್ತೆ ನೋಡಿದೆ. ನಡುವಿನ ಮಡಿಕೆಯ ಹತ್ತಿರ, ನೂಲಿನೊಳಗೆ ಕುಳಿತುಬಿಟ್ಟಿದ್ದ ಸೀಮೆಸುಣ್ಣದ ಒಂದು ಬಿಳಿ ಬಾಗು ಮಂಕಾಗಿ ಕಾಣಿಸಿತು. ನನ್ನ ಕತ್ತಿನ ಗೆರೆಯ ಅರ್ಧ. ನಾನು ಕೊಡವಿದ್ದೆ, ಒಗೆದಿರಲಿಲ್ಲ. ಆಮೇಲೆ ಇದನ್ನು ಪಡೆದ ಯಾರೂ ಒಗೆದಿರಲಿಲ್ಲ. ಈಗ ಎಲ್ಲರಿಗೂ ಮೊಣಕೈ ಮುಟ್ಟುವ ತೋಳು ಬೇಕು. ಈ ಅಳತೆಯ ತುಂಡಿನಲ್ಲಿ ಅದು ಬರುವುದಿಲ್ಲವೆಂದು ಎಲ್ಲರೂ ದಾಟಿಸಿದ್ದಾರೆ.

ನೀಲಿ ದಾರದ ಅರ್ಥ ಒಂದೇ. ನಾನು ದಾಟಿಸಿದ ಕಣ ಗೌರಿಗೂ ದಸರೆಗೂ ನಡುವಿನ ಆ ಕೆಲವೇ ದಿನಗಳಲ್ಲಿ ಹಿಂದಿನ ಬೀದಿಯಿಂದ ಹೊರಟು ಅವರ ಮಡಿಲಿಗೇ ಬಿದ್ದಿತ್ತು. ಕತ್ತರಿ ತಾಗದ ಇಡೀ ಬಟ್ಟೆ, ಅದರ ಮೇಲೆ ಒರೆಸಿದ ಗೆರೆ. ಕತ್ತರಿಸಾಯಿತು ಎಂದು ನಾನು ಕಿಟಕಿಯ ಕೆಳಗೆ ನಿಂತು ಹೇಳಿದ್ದನ್ನು ಅವರು ಎಷ್ಟು ಸಲ ಕೇಳಿಸಿಕೊಂಡಿದ್ದರು. ಗೊತ್ತಾದ ಮೇಲೂ ಅವರು ಅದನ್ನು ನನ್ನ ಮುಂದೆ ಹರವಲಿಲ್ಲ. ಯಂತ್ರದಲ್ಲಿದ್ದ ನೀಲಿ ದಾರದಿಂದ ಒಂದು ಹೊಲಿಗೆ ಹಾಕಿ, ಉಳಿದ ಕಣಗಳಂತೆಯೇ ಇದನ್ನೂ ಊರ ಮೇಲೆ ಬಿಟ್ಟರು. ಏಕೆ ತಾವೇ ಕತ್ತರಿಸಿ ಹೊಲಿಯಲಿಲ್ಲ, ಏಕೆ ನನಗೇ ಕರೆದು ಕೊಡಲಿಲ್ಲ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ಎಂದಾದರೊಂದು ದಿನ ನನ್ನನ್ನು ತಲುಪಲಿ ಎಂದು ಬಿಟ್ಟರೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ನಿಜವೆಂದು ಹೇಳಲು ನನ್ನ ಬಳಿ ಆಧಾರವಿಲ್ಲ.

ಕೆಳಗಿನ ಮನೆಯವರನ್ನು ಕೇಳಿದೆ. ಅವರಿಗೂ ಇದು ಯಾರಿಂದ ಬಂದದ್ದೆಂದು ನೆನಪಿರಲಿಲ್ಲ. ಕೇಳಿದ್ದಕ್ಕೆ ಅವರು ಸ್ವಲ್ಪ ಮುಜುಗರಪಟ್ಟರು. ಬಣ್ಣ ಇಷ್ಟವಾಯಿತು, ಅದಕ್ಕೆ ಕೇಳಿದೆ ಎಂದೆ.

ಮರುದಿನ ಕಣವನ್ನು ಬಕೆಟ್ಟಿನ ನೀರಿಗೆ ಹಾಕಿದೆ. ಅವ್ವ ನೋಡಿದಳು.

"ಹೊಸಾ ಖಣ ಯಾಕ ತೋಯಿಸ್ದಿ? ಯಾರಿಗರ ಕೊಡಾಕ ಬರ್ತಿತ್ತು."

"ಇಲ್ಲವ್ವಾ. ಇದನ್ನ ಕೊಡಂಗಿಲ್ಲ."

ಒಣಗಿದ ಮೇಲೆ ಇಸ್ತ್ರಿ ಮಾಡಿ, ನೆಲದ ಮೇಲೆ ಹರವಿದೆ. ಪತ್ರಿಕೆಯ ಹಾಳೆಯನ್ನು ಮೇಲಿಟ್ಟು ಗುಂಡುಸೂಜಿ ಚುಚ್ಚಿದೆ. ನನ್ನ ಮೈ ಈಗ ಆ ಕಾಗದದ್ದಲ್ಲ; ಅವರು ಬರೆದಿದ್ದ ಒಂದಿಂಚಿನ ಮೇಲೆ ಇನ್ನೊಂದು ಇಂಚು ಸೇರಿಸಬೇಕಾಯಿತು. ಎಡಭುಜವನ್ನು ಅರ್ಧ ಇಂಚು ಇಳಿಸಿದೆ. ತೋಳಿನ ಭಾಗವನ್ನು ಮುಖಕ್ಕೆ ಮುಖ ಸೇರಿಸಿ ಮಡಚಿದೆ. ಕತ್ತರಿಯ ಬಾಯಿ ತೆರೆದು ಅಂಚಿಗೆ ಹಿಡಿದು, ಒತ್ತಿದೆ. ಅವ್ವ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದಳು. ಮೊದಲ ಸಲ ಬಟ್ಟೆ ಸೀಳಿದ ಸದ್ದಿಗೆ ತಲೆಯೆತ್ತಿ ನೋಡಿ, ಮತ್ತೆ ಕಾಯಿಯ ಕಡೆಗೆ ಬಗ್ಗಿದಳು. ಎರಡು ತೋಳುಗಳನ್ನೂ ನೆಲದ ಮೇಲೆ ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಒಂದು ಎಡಗೈ, ಒಂದು ಬಲಗೈ.

ನಮ್ಮ ಮನೆಯಲ್ಲಿ ಯಂತ್ರವಿಲ್ಲ. ಕೈಯಲ್ಲಿಯೇ ಹೊಲಿದೆ, ಒಂದು ವಾರದ ಸಂಜೆಗಳು ಹಿಡಿದವು. ಎರಡು ದಾರಗಳ ಆ ಮೂಲೆಯನ್ನು ತೋಳಿನ ಒಳಮಡಿಕೆಯಲ್ಲಿ ಸೇರಿಸಿದ್ದೇನೆ. ಸೋಮವಾರ ಶಾಲೆಗೆ ತೊಟ್ಟುಕೊಂಡು ಹೋದೆ. ಸಹೋದ್ಯೋಗಿಯೊಬ್ಬರು, ಚೆನ್ನಾಗಿದೆ, ಎಲ್ಲಿ ಹೊಲಿಸಿದಿರಿ ಎಂದು ಕೇಳಿದರು. ನಾನೇ ಕತ್ತರಿಸಿದ್ದು ಎಂದೆ. ಅವರು ಅದಕ್ಕೆ ವಿಶೇಷ ಗಮನ ಕೊಟ್ಟಂತೆ ಕಾಣಲಿಲ್ಲ.

ಬಲತೋಳಿನ ಕೆಳಗೆ ಹೊಲಿಗೆ ಎರಡು ನೂಲಿನಷ್ಟು ಓರೆಯಾಗಿದೆ. ಕೈಯೆತ್ತಿ ಬೋರ್ಡಿನ ಮೇಲೆ ಬರೆಯುವಾಗ ಅಲ್ಲಿ ಸ್ವಲ್ಪ ಎಳೆಯುತ್ತದೆ. ಬಿಚ್ಚೇ ಎನ್ನುವವರು ಇಲ್ಲವಾದ್ದರಿಂದ, ಹಾಗೆಯೇ ತೊಡುತ್ತಿದ್ದೇನೆ...